ಮೂವತ್ತೇಳು ಕಲ್ಲಿನ ಫಜೀತಿ

ಕಲ್ಲಿನ ಕೆಲಸದವನಿಗೆ ಫಜೀತಿ ತಪ್ಪುವುದಿಲ್ಲ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಾಗಿಲಿಗೆ ಬಂದು ನಿಂತಿರುತ್ತದೆ. ಬೇರೆಯವರಿಗೆ ನಾಲ್ಕು ಕಡೆಯಿಂದ ಬರುತ್ತವೆ. ನನಗೆ ಒಂದೇ ಕಡೆಯಿಂದ ಬಂದವು. ಮೂವತ್ತೇಳರಿಂದ.

ನಾನು ಫರಸಿ, ಅಂದರೆ ಹಾಸುಗಲ್ಲು, ಹಾಸುವ ಗೌಂಡಿ. ಹುಟ್ಟಿದ್ದು ಕಮಲಾಪುರ, ದುಡಿದದ್ದು ಕಲಬುರಗಿ. ಕಲಿತದ್ದು ಊರ ಅಯ್ಯನವರ ಸಾಲಿಯಲ್ಲಿ, ಅದೂ ಮಗ್ಗಿಯ ತನಕ. ಬರೆಯುವುದು ನನಗೆ ಕಲ್ಲು ಹೊತ್ತಷ್ಟೇ ಸಾವಕಾಶದ ಕೆಲಸ.

ಈ ಸಂಗತಿಗಳನ್ನು ಹೇಳುತ್ತಿದ್ದವಳು ನನ್ನ ಹೆಂಡತಿ. ಆಕೆ ಹೇಳುತ್ತಿದ್ದಳು, ಮಂದಿ ನಗುತ್ತಿದ್ದರು, ನಾನು ಕುಳಿತು ಕೇಳುತ್ತಿದ್ದೆ. ಆಕೆ ಹೋಗಿ ಎರಡು ಮಳೆಗಾಲ ಆಯಿತು. ಈಗ ಹೇಳುವವರಿಲ್ಲ. ಅದಕ್ಕೆ ಬರೆದಿಡುತ್ತಿದ್ದೇನೆ. ಆಕೆಯಷ್ಟು ನಗಿಸಲಿಕ್ಕೆ ನನಗೆ ಬರುವುದಿಲ್ಲ. ಆದದ್ದು ಆದ ಹಾಗೆ ಹೇಳುತ್ತೇನೆ.

೧. ಒಂದೂ ಒಡೆಯಲಿಲ್ಲ

ನಿಜಾಮರ ಕಾಲ. ನನಗೆ ಮದುವೆಯಾಗಿ ಒಂದು ವರ್ಷವಾಗಿತ್ತು. ಹೆಂಡತಿ ಮಾತ್ರ ಕಮಲಾಪುರದ ತವರಿನಲ್ಲೇ ಇದ್ದಳು. ನನಗೆ ತಾಯಿ ತಂದೆ ಇರಲಿಲ್ಲ. ಮನೆಯೂ ಇರಲಿಲ್ಲ. ಕಲಬುರಗಿ ಕೋಟೆಯ ಹೊರಗೆ ಕಲ್ಲು ಮಾರುವ ಜಾಗವೊಂದಿತ್ತು. ಅಲ್ಲಿ ಜೋಡಿಸಿಟ್ಟ ಫರಸಿಯ ಮೇಲೆ ಮಲಗುತ್ತಿದ್ದೆ.

ಮಾವ ಬಾಳೆ ತೋಟದವರು. ಮಾತು ಸಾಫ್. "ಅಳಿಯಂದಿರ, ಕಲ್ಲಿನ ಮ್ಯಾಲ ನೀವು ಮಲಗ್ರಿ. ನನ್ನ ಮಗಳು ಮಲಗಂಗಿಲ್ಲ. ತಲಿ ಮ್ಯಾಲ ಒಂದು ಸೂರು ತೋರಸ್ರಿ. ಬಂಡಿ ಹೂಡಿ ನಾನೇ ತಂದು ಬಿಡ್ತೀನಿ."

ಸೂರು ಸಿಗುವ ಕಾಲ ಬಂತು. ಕಲಬುರಗಿಯಲ್ಲಿ ಅರಿವೆ ಅಂಗಡಿಯ ಸಾವ್ಕಾರ ಒಬ್ಬ ನನ್ನನ್ನು ಕರೆಸಿದ. "ಹಿತ್ತಲಾಗ ಆರು ಮೊಳ ಉದ್ದ, ಆರು ಮೊಳ ಅಗಲ ಫರಸಿ ಹಾಸು. ನಮ್ಮವ್ವ ಹಪ್ಪಳ ಒಣಸ್ತಾಳ. ಕೆಲಸ ಮನಸಿಗಿ ಬಂದ್ರ ಹಿತ್ತಲ ಮೂಲ್ಯಾಗಿನ ಖೋಲಿ ನಿನಗ. ಹೆಂಡತಿನ್ನ ಕರಕೊಂಡು ಬಾ."

ಕಲ್ಲು ಒಂದು ಮೊಳದ ಚೌಕ. ಆರು ಸಾಲಿಗೆ ಆರಾರು, ಮೂವತ್ತಾರು ಕಲ್ಲು. ಶಹಾಬಾದ ಕಡೆಯ ಗಣಿಗಳಲ್ಲಿ ಮೂವತ್ತಾರಕ್ಕೆ ಒಂದು ಬಂಡಿ ಅಂತ ಲೆಕ್ಕ. ಅದರ ಮೇಲೆ ಒಂದು ಕಲ್ಲು ಕೊಸರು ಕೊಡುತ್ತಾರೆ. ಪುಕ್ಕಟೆ. ಯಾಕೆಂದರೆ ದಾರಿಯಲ್ಲಿ ಒಂದು ಒಡೆದೇ ಒಡೆಯುತ್ತದೆ. ಮೂವತ್ತೇಳು ಹೊರಟರೆ ಮೂವತ್ತಾರು ಮುಟ್ಟುತ್ತವೆ. ತಲೆಮಾರುಗಳಿಂದ ಹೀಗೇ ನಡೆದಿತ್ತು.

ನಾನು ಏನು ಮಾಡಿದೆ? ಖೋಲಿಯ ಆಸೆಗೆ ಬಿದ್ದು ಜ್ವಾಕಿ ಮಾಡಿದೆ. ಬಂಡಿಗೆ ಮೊಳಕಾಲಷ್ಟು ಹುಲ್ಲು ಹಾಕಿದೆ. ಕಲ್ಲು ಕಲ್ಲಿನ ನಡುವೆ ಹುಲ್ಲು ತುರುಕಿದೆ. ತಗ್ಗು ಕುಣಿ ಬಂದಲ್ಲೆಲ್ಲ ಇಳಿದು ಗಾಲಿಗೆ ಹೆಗಲು ಕೊಟ್ಟೆ. ಒಂದು ದಿನದ ದಾರಿಗೆ ಎರಡು ದಿನ ಹಿಡಿಯಿತು.

ಬಂಡಿ ಹೊಡೆಯುವವ ಮುದುಕ. ಕಲಬುರಗಿ ಕಂಡಾಗ ಹಿಂದೆ ತಿರುಗಿ ಎಣಿಸಿದ. ಇನ್ನೊಮ್ಮೆ ಎಣಿಸಿದ. ಆಮೇಲೆ ನನ್ನ ಮುಖ ನೋಡಿದ.

"ನಲವತ್ತು ವರ್ಷ ಬಂಡಿ ಹೊಡದೀನಿ ತಮ್ಮಾ. ಹಿಂತಾ ದಡ್ಡನ್ನ ನೋಡಿರಲಿಲ್ಲ. ಒಂದರೆ ಒಡೀಬೇಕೋ ಬ್ಯಾಡೋ?"

೨. ನಾಕೆಯ ಜವಾನ

ಊರ ಹೊರಗೆ ನಾಕಾ ಇತ್ತು. ಊರಿಗೆ ಬರುವ ಮಾಲು ಅಲ್ಲಿ ನೋಡಿಸಿಕೊಂಡು ಬರಬೇಕು. ಅವತ್ತು ಇದ್ದ ಜವಾನ ಹೊಸಬ. ಬಹಳ ಚುರುಕು.

"ಕಿತ್ತೇ ಪತ್ಥರ್ ರೇ?"

"ಮೂವತ್ತೇಳು ರೀ ಸಾಬ್."

ನಂಬಲಿಲ್ಲ. ಕಲ್ಲುಗಳನ್ನು ಬಂಡಿಯಲ್ಲಿ ನಿಲ್ಲಿಸಿ ತುಂಬಿರುತ್ತೇವೆ, ಮಲಗಿಸುವುದಿಲ್ಲ. ಅವನು ಕೈಯಲ್ಲಿ ಸುಣ್ಣದ ಹರಳು ಹಿಡಿದು ಎರಡೆರಡಕ್ಕೆ ಒಂದು ಗೀರು ಹಾಕುತ್ತ ಹೋದ. ಕೊನೆಗೆ ಒಂದು ಉಳಿಯಿತು.

"ಯೇ ಏಕ್ ಕಾಯ್ಕು ಬಚ್ಯಾ?" ಇದೊಂದು ಯಾಕೆ ಉಳಿಯಿತು ಅಂತ.

"ಉಳೀತದ್ರಿ ಸಾಬ್."

ಗೀರು ಒರೆಸಿ ಮೂರು ಮೂರಾಗಿ ಎಣಿಸಿದ. ಒಂದು ಉಳಿಯಿತು. ನಾಲ್ಕು ನಾಲ್ಕಾಗಿ ಎಣಿಸಿದ. ಒಂದು ಉಳಿಯಿತು. ಅವನಿಗೆ ಶಂಕೆ ಬಂತು. ಆ ಒಂದು ಕಲ್ಲನ್ನು ಹೊರಗೆ ತೆಗೆಸಿ, ತಿರುಗಿಸಿ ಮುರುಗಿಸಿ ನೋಡಿದ. ತಟ್ಟಿ ನೋಡಿದ. ಒಳಗೆ ಏನಾದರೂ ಅಡಗಿಸಿದ್ದೇನೋ ಅಂತ. ಹಾಸುಗಲ್ಲಿನ ಒಳಗೆ ಏನಿರುತ್ತದೆ? ಕಲ್ಲೇ ಇರುತ್ತದೆ.

ಹೊಳ್ಳಿ ಅದರ ಜಾಗಕ್ಕೇ ಇಡಿಸಿ ಐದೈದಾಗಿ ಎಣಿಸಿದ. ಏಳು ಐದು ಮೂವತ್ತೈದು. ಎರಡು ಉಳಿದವು.

ಜವಾನ ಒಂದು ಹೆಜ್ಜೆ ಹಿಂದೆ ಸರಿದ. "ಅರೇ! ಏಕ್ ಥಾ, ದೋ ಹೋ ಗಯಾ!" ಒಂದಿದ್ದದ್ದು ಎರಡಾಯಿತು ಅಂತ.

ಅವನು ತುಟಿ ಒದ್ದೆ ಮಾಡಿಕೊಂಡು ಎಂಟೆಂಟಾಗಿ ಎಣಿಸಿದ. ನಾಲ್ಕು ಎಂಟು ಮೂವತ್ತೆರಡು. ಐದು ಉಳಿದವು.

ಸುಣ್ಣದ ಹರಳು ಕೈಯಿಂದ ಬಿತ್ತು. "ಜಾ! ಜಲ್ದೀ ಲೇಕೇ ಜಾ! ಇನ್ನೊಂದು ಸಲ ಎಣಿಸಿದ್ರ ನಾಕಾ ತುಂಬ ಕಲ್ಲು ಆಗ್ತಾವ!"

೩. ಅವ್ವ ಹೇಳಿದ ಉಪಾಯ

ಸಾವ್ಕಾರನಿಗೆ ಕುಣಿಯುವಷ್ಟು ಖುಷಿ. ಅವನ ಆಯುಷ್ಯದಲ್ಲಿ ಕೊಸರು ಸುಖರೂಪ ಮನೆ ಮುಟ್ಟಿದ್ದು ಅದೇ ಮೊದಲು. "ಮೂವತ್ತೇಳೂ ಹಾಸು" ಅಂದ.

ಆರು ಸಾಲು ಹಾಸಿದೆ. ಒಂದು ಉಳಿಯಿತು.

"ಇದನ್ನ ಹೊಳ್ಳಿ ಕೊಡ್ಲಾ?" ಅಂದೆ.

"ಕೊಸರು ಹೊಳ್ಳಿ ಕೊಟ್ಟವ ವ್ಯಾಪಾರಿನೇನೋ?"

"ಅರಿವಿ ಒಗಿಲಾಕ ಇಡ್ಲಾ?"

"ಒಗಿಯೋ ಕಲ್ಲು ಎರಡದಾವ."

"ಗ್ವಾಡಿಗಿ ನಿಲ್ಲಸ್ಲಾ?"

ಇದಕ್ಕೆ ಸಾವ್ಕಾರನ ಅವ್ವ ಹಿತ್ತಲ ಬಾಗಿಲಿಂದ ಕೂಗಿದಳು. "ಬ್ಯಾಡೋ ಯಪ್ಪಾ! ನಿಲ್ಲಿಸಿದ ಕಲ್ಲು ಗೋರಿ ಕಲ್ಲಿನಂಗ ಕಾಣ್ತದ. ನಾನಿನ್ನಾ ಬದುಕೀನಿ."

ಕತ್ತರಿಸಿ ಹಾಕುತ್ತೇನೆ ಅಂದೆ. ಅದಕ್ಕೂ ಆಕೆ ಒಪ್ಪಲಿಲ್ಲ. ಒಡಕು ಕಲ್ಲು ತುಳಿದರೆ ಮನೆ ಒಡೆಯುತ್ತದಂತೆ. ಮನೆ ಆಗಲೇ ಅರ್ಧ ಒಡೆದಿತ್ತು. ಸಾವ್ಕಾರನಿಗೂ ಅವನ ತಮ್ಮನಿಗೂ ದೀಪಾವಳಿಯಿಂದ ಮಾತಿರಲಿಲ್ಲ. ಒಲೆ ಎರಡಾಗಿದ್ದವು. ಅದನ್ನು ಹೇಳುವುದು ನನ್ನ ಕೆಲಸವಲ್ಲ.

ಸಾವ್ಕಾರ ಕರಾರು ಹಾಕಿದ. ಉದ್ದ ಅಗಲ ಎಷ್ಟಾದರೂ ಇರಲಿ, ಮೂವತ್ತೇಳೂ ಹಾಸಬೇಕು. ನಾಲ್ಕು ಮೂಲೆ ಸರಿ ಬರಬೇಕು. ಕತ್ತರಿಸಬಾರದು. ಉಳಿಯಬಾರದು. ಹಾಗಾದರೆ ಖೋಲಿ. ಇಲ್ಲದಿದ್ದರೆ ಇಲ್ಲ.

ಎತ್ತಿ ನಾಲ್ಕು ಸಾಲು ಹಾಸಿದೆ. ಒಂಬತ್ತೊಂಬತ್ತು ಬಂದು ಒಂದು ಉಳಿಯಿತು. ಎತ್ತಿ ಮೂರು ಸಾಲು ಹಾಸಿದೆ. ಹನ್ನೆರಡು ಹನ್ನೆರಡು ಬಂದು ಒಂದು ಉಳಿಯಿತು. ಎರಡು ಸಾಲು ಹಾಸಿದೆ. ಹದಿನೆಂಟು ಹದಿನೆಂಟು, ಒಂದು ಉಳಿಯಿತು. ಹೊತ್ತು ಇಳಿಯಿತು. ನನ್ನ ಸೊಂಟವೂ ಇಳಿಯಿತು.

ಅವ್ವ ಮುಂಜಾನೆಯಿಂದ ಬಾಗಿಲಲ್ಲೇ ಕುಳಿತು ನೋಡುತ್ತಿದ್ದಳು. ಕೊನೆಗೆ ತಡೆಯಲಾಗಲಿಲ್ಲ.

"ಗೌಂಡಿ, ನಿನಗ ತಿಳುವಳಿಕಿ ಕಮ್ಮಿ. ಪ್ರತಿ ಸಲ ಆ ಒಂದ ಕಲ್ಲು ಉಳೀತದಲ್ಲ, ಅದನ್ನ ಮೊದಲು ಹಾಕು. ಆಮ್ಯಾಲ ಉಳದವು ಹಾಕು."

ಸಾವ್ಕಾರ ತೊಡೆ ತಟ್ಟಿದ. "ಹೌದಲ್ಲೋ!"

ಆ ಕಲ್ಲನ್ನೇ ಮೊದಲು ಹಾಕಿ ಆರು ಸಾಲು ಹಾಸಿದೆ. ಕೊನೆಗೆ ಇನ್ನೊಂದು ಕಲ್ಲು ಕೈಯಲ್ಲಿ ಉಳಿಯಿತು.

ಸಾವ್ಕಾರ ಬಗ್ಗಿ ನೋಡಿದ. ನಿಜಕ್ಕೂ ಬೇರೆ ಕಲ್ಲು. ಅವ್ವನ ಕಡೆ ತಿರುಗಿದ.

"ಅವ್ವಾ, ನೀ ಹೇಳಿದ್ದು ಅರ್ಧ ಖರೆ ಆಯ್ತು ನೋಡು. ಆ ಕಲ್ಲು ಕೂತ್ಕೊಂತು."

೪. ಕೈ ಜಾರಿದ್ದು

ಮರುದಿನ ನನ್ನ ತಲೆಗೆ ಒಂದು ಕೆಟ್ಟ ವಿಚಾರ ಬಂತು. ಒಂದು ಕಲ್ಲು ಒಡೆದರೆ ಮುಗಿಯಿತು. ಮೂವತ್ತಾರು ಉಳಿಯುತ್ತವೆ. ಮೂವತ್ತಾರು ಎಂಥ ಒಳ್ಳೆಯ ಸಂಖ್ಯೆ. ಎರಡು ಸಾಲು ಅನ್ನು, ಮೂರು ಸಾಲು ಅನ್ನು, ನಾಲ್ಕು ಅನ್ನು, ಆರು ಅನ್ನು, ಕರೆದ ಕಡೆ ಬಂದು ಕೂರುತ್ತದೆ.

ಬೇಕಂತ ಒಡೆಯುವ ಹಾಗಿಲ್ಲ. ಕೈ ಜಾರಬೇಕು. ಸಾವ್ಕಾರ ಅಂಗಡಿಗೆ ಹೋದದ್ದು ನೋಡಿ ಒಂದು ಕಲ್ಲು ಎತ್ತಿ ಸೊಂಟದ ಮಟ್ಟಕ್ಕೆ ತಂದು ಬಿಟ್ಟೆ. ಮೆತ್ತನೆಯ ಎರಿ ಮಣ್ಣಿನ ಹಿತ್ತಲು. ದಪ್ಪ್ ಅಂತ ಬಿತ್ತು, ಮಲಗಿತು. ಒಂದು ಗೀರೂ ಬೀಳಲಿಲ್ಲ. ಎದೆಯ ಮಟ್ಟಕ್ಕೆ ತಂದು ಬಿಟ್ಟೆ. ಮತ್ತೆ ಮಲಗಿತು. ಶಹಾಬಾದ ಕಲ್ಲು ಬಂಡಿಯಲ್ಲಿ ಕೆಮ್ಮಿದರೆ ಒಡೆಯುತ್ತದೆ. ಬೇಕಾದಾಗ ಒಡೆಯುವುದಿಲ್ಲ.

"ಏನಪ್ಪಾ, ಕಲ್ಲಿಗಿ ತೊಟ್ಟಲಾ ತೂಗ್ತೀಯೇನು?" ಅವ್ವ ಬಾಗಿಲಲ್ಲೇ ಇದ್ದಳು.

"ಕೈ ಜಾರ್ತದವ್ವಾ."

"ಎರಡು ಸಲ ಜಾರ್ತು. ಮೂರನೇ ಸಲ ಯಾವಾಗ?"

ಗಾಬರಿಯಾಯಿತು. ಎತ್ತಿದ ಕಲ್ಲನ್ನು ಇಳಿಸಲು ಹೋದೆ. ಈ ಸಲ ಕೈ ನಿಜವಾಗಿಯೂ ಜಾರಿತು. ಕಲ್ಲು ನನ್ನ ಬಲಗಾಲಿನ ಹೆಬ್ಬೆರಳ ಮೇಲೆ ನಿಂತಿತು.

ನನ್ನ ಕೂಗಿಗೆ ಸಾವ್ಕಾರ ಅಂಗಡಿಯಿಂದ ಓಡಿ ಬಂದ. ಅವನ ತಮ್ಮ ಆ ಕಡೆಯಿಂದ ಓಡಿ ಬಂದ. ಬೆರಳಿನಿಂದ ರಕ್ತ ಸುರಿಯುತ್ತಿತ್ತು. ಸಾವ್ಕಾರ ನೆಲಕ್ಕೆ ಕೂತು, ಕಲ್ಲನ್ನು ಎತ್ತಿ, ನಾಲ್ಕೂ ಅಂಚು ಸವರಿ ನೋಡಿದ. ಮುಖ ಅರಳಿತು.

"ಹೆದರಬ್ಯಾಡ ಗೌಂಡಿ, ಏನೂ ಆಗಿಲ್ಲ ಕಲ್ಲಿಗಿ!"

೫. ಅಯ್ಯನವರ ಮಗ್ಗಿ

ಬೆರಳಿಗೆ ಅರಿಶಿಣ ಕಟ್ಟಿಕೊಂಡು ಕಮಲಾಪುರದ ಬಂಡಿ ಹತ್ತಿದೆ. ನನಗೆ ಮಗ್ಗಿ ಕಲಿಸಿದ ಅಯ್ಯನವರು ಇನ್ನೂ ಇದ್ದರು. ಕಣ್ಣು ಮಂಜಾಗಿದ್ದವು. ಮಗ್ಗಿ ಮಂಜಾಗಿರಲಿಲ್ಲ.

ಸಂಗತಿ ಹೇಳಿದೆ. ಅವರು ನಕ್ಕರು.

"ಇಷ್ಟಕ್ಕ ಇಷ್ಟು ದೂರ ಬಂದ್ಯಾ? ಮೂವತ್ತೇಳು ಯಾವ ಮಗ್ಗ್ಯಾಗ ಬರ್ತದ ನೋಡಿದ್ರಾಯ್ತು. ಅಷ್ಟು ಸಾಲು ಹಾಕು."

ಕಣ್ಣು ಮುಚ್ಚಿ ಶುರು ಮಾಡಿದರು. ಎರಡರ ಮಗ್ಗಿ ಇಪ್ಪತ್ತಕ್ಕೆ ನಿಂತಿತು. ಮೂರರದ್ದು ಮೂವತ್ತಕ್ಕೆ ನಿಂತಿತು. ನಾಲ್ಕರದ್ದು ಮೂವತ್ತಾರಕ್ಕೆ ಬಂದು ನಲವತ್ತಕ್ಕೆ ಜಿಗಿಯಿತು. ಐದರದ್ದು ಮೂವತ್ತೈದರಿಂದ ನಲವತ್ತಕ್ಕೆ. ಆರರದ್ದು ಮೂವತ್ತಾರರಿಂದ ನಲವತ್ತೆರಡಕ್ಕೆ. ಏಳರದ್ದು ಮೂವತ್ತೈದರಿಂದ ನಲವತ್ತೆರಡಕ್ಕೆ. ಎಲ್ಲ ಮಗ್ಗಿಗಳೂ ಆ ಸಂಖ್ಯೆಯ ಹತ್ತಿರ ಬಂದು, ಮೈಲಿಗೆ ಆದೀತು ಅನ್ನುವಂತೆ ಅದನ್ನು ದಾಟಿ ಹೋದವು.

ಹನ್ನೆರಡು ಆಯಿತು. ಹದಿನೆಂಟು ಆಯಿತು. ಅಯ್ಯನವರ ದನಿ ಸಣ್ಣದಾಗುತ್ತ ಬಂತು. ಹತ್ತೊಂಬತ್ತರ ಮಗ್ಗಿಯಲ್ಲಿ ಮೂವತ್ತೆಂಟು ಬಂದಾಗ ಒಂದು ಗಳಿಗೆ ನಿಂತರು. ಒಂದೇ ಒಂದು ಹೆಚ್ಚು. ಮುಂದೆ ನಡೆದರು. ಮೂವತ್ತರ ತನಕ ಹೇಳಿ ಮುಗಿಸಿದರು. ಎಲ್ಲೂ ಇಲ್ಲ.

ಅವರಿಗೆ ಅವಮಾನವಾಯಿತು. ಮೂವತ್ತಾರು ಐದಾರು ಮಗ್ಗಿಯಲ್ಲಿ ಸಿಗುತ್ತದೆ. ಅದರ ಪಕ್ಕದ ಮನೆಯದು ಒಂದರಲ್ಲೂ ಇಲ್ಲ.

"ತಡಿ, ತಡಿ," ಅಂದರು. "ಒಂದೂಕಾಲಿನ ಮಗ್ಗಿ ಉಳದದ."

ಹಳೆಯ ಸಾಲಿಗಳಲ್ಲಿ ಮಕ್ಕಳಿಗೆ ಕಾಲು, ಅರ್ಧ, ಒಂದೂಕಾಲು, ಒಂದೂವರೆಗಳ ಮಗ್ಗಿಗಳೂ ಇರುತ್ತಿದ್ದವು. ಅಯ್ಯನವರು ಮತ್ತೆ ಕಣ್ಣು ಮುಚ್ಚಿದರು. ಒಂದೂಕಾಲಿನ ಮಗ್ಗಿ ಮೆಲ್ಲಗೆ ಏರಿತು. ಇಪ್ಪತ್ತಕ್ಕೆ ಇಪ್ಪತ್ತೈದು. ಇಪ್ಪತ್ತೆಂಟಕ್ಕೆ ಮೂವತ್ತೈದು. ನಾನು ಮುಂದಕ್ಕೆ ಬಗ್ಗಿದೆ. ಇಪ್ಪತ್ತೊಂಬತ್ತಕ್ಕೆ ಮೂವತ್ತಾರೂಕಾಲು. ಮೂವತ್ತಕ್ಕೆ ಮೂವತ್ತೇಳೂವರೆ.

ಅಯ್ಯನವರು ಕಣ್ಣು ತೆರೆದು ಗೆದ್ದವರ ಹಾಗೆ ನೋಡಿದರು.

"ಹೋಗು, ಅರ್ಧ ಕಲ್ಲು ಹೆಚ್ಚಿಗಿ ತರಸು. ಆಮ್ಯಾಲ ಬಾ. ಕೂಡಸಿ ಕೊಡ್ತೀನಿ."

೬. ಎಮ್ಮೆಯ ಸಂಗಡ ಮಾತು

ಅಲ್ಲಿಂದ ಮಾವನ ಮನೆಗೆ ಹೋದೆ. ಮಾವ ಕಟ್ಟೆಯ ಮೇಲೆ ಕುಳಿತಿದ್ದರು. ನನ್ನ ಕಾಲಿನ ಬಟ್ಟೆ ನೋಡಿದರು. ಅದರ ಬಗ್ಗೆ ಕೇಳಲಿಲ್ಲ.

"ಖೋಲಿ ಎಲ್ಲಿಗಿ ಬಂತು ಅಳಿಯಂದಿರ?"

ಎಲ್ಲ ಹೇಳಿದೆ. ಆರು ಸಾಲು, ನಾಲ್ಕು ಸಾಲು, ಮೂರು ಸಾಲು, ಎರಡು ಸಾಲು. ಪ್ರತಿ ಸಲ ಒಂದು ಉಳಿದದ್ದು. ಮಾವ ಹೂಂ ಅನ್ನುತ್ತ ಕೇಳಿದರು. ಕೊನೆಗೆ, "ಹಂಗಾದ್ರ ಖೋಲಿ ಇಲ್ಲ. ಹಂಗಾದ್ರ ಮಗಳು ಇಲ್ಲೇ," ಅಂದರು.

ಕಟ್ಟೆಯ ಆ ಕಡೆಗೆ ದನದ ಕೊಟ್ಟಿಗೆ. ಹೆಂಡತಿ ಅಲ್ಲಿ ಎಮ್ಮೆ ಹಿಂಡುತ್ತಿದ್ದಳು. ಅಪ್ಪನ ಎದುರಿಗೆ ಗಂಡನ ಸಂಗಡ ಮಾತಾಡುವ ಪದ್ಧತಿ ನಮ್ಮಲ್ಲಿ ಇಲ್ಲ. ಮದುವೆಯಾದ ಒಂದು ವರ್ಷದಲ್ಲಿ ಆಕೆ ನನಗೆ ಆಡಿದ ಮಾತು ಕೈಬೆರಳಲ್ಲಿ ಎಣಿಸಬಹುದಿತ್ತು. ಅವತ್ತೂ ನನಗೆ ಆಡಲಿಲ್ಲ. ಎಮ್ಮೆಗೆ ಆಡಿದಳು.

"ಎಲೀ ಎಮ್ಮೀ, ಆರು ಸಾಲು ಹಾಕಿದಿ, ಒಂದು ಉಳೀತು. ಮೂರು ಹಾಕಿದಿ, ಒಂದು ಉಳೀತು. ಎರಡು ಹಾಕಿದಿ, ಒಂದು ಉಳೀತು. ಇಳಕೊಂತ ಇಳಕೊಂತ ಎರಡಕ್ಕ ಬಂದು ಯಾಕ ನಿಂತಿ? ಒಂದ ಸಾಲು ಹಾಕಾಕ ಏನ ಧಾಡಿ ನಿನಗ?"

ಎಮ್ಮೆ ಒಮ್ಮೆ ಒದರಿತು.

ಕಟ್ಟೆಯ ಮೇಲೆ ನಾನೂ ಮಾವನೂ ಬೆರಳು ಮಡಚಿ ಲೆಕ್ಕ ಹಾಕಿದೆವು. ಒಂದು ಸಾಲು. ಮೂವತ್ತೇಳು ಮೊಳ ಉದ್ದ, ಒಂದು ಮೊಳ ಅಗಲ. ನಾಲ್ಕು ಮೂಲೆಯೂ ಸರಿ. ಒಂದೂ ಉಳಿಯುವುದಿಲ್ಲ. ಸಾವ್ಕಾರನ ಹಿತ್ತಲ ಓಣಿ ಬಾಗಿಲಿಂದ ಖೋಲಿಯ ತನಕ ಹೆಚ್ಚು ಕಡಿಮೆ ಅಷ್ಟೇ ದೂರ. ಕಲ್ಲುಗಳ ನಡುವೆ ಸ್ವಲ್ಪ ಸ್ವಲ್ಪ ಸಂದು ಬಿಟ್ಟರೆ ಸರಿಯಾಗಿ ಮುಟ್ಟುತ್ತದೆ.

ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಕೊಟ್ಟಿಗೆಯ ಕಡೆ ನೋಡಿದರು.

"ಅಳಿಯಂದಿರ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೀವು ಇಲ್ಲೇ ಇದ್ದು ಮೇವು ತಿನ್ರಿ. ಗೌಂಡಿ ಕೆಲಸಕ್ಕ ಎಮ್ಮಿನ್ನ ಕಳಸೋಣು."

೭. ಹತ್ತೊಂಬತ್ತನೇ ಕಲ್ಲು

ಸಾವ್ಕಾರ ಒಪ್ಪಿದ. ಒಂದೇ ಸಾಲಿನ ದಾರಿ ಹಾಸಿದೆ. ಅವನು ಈ ತುದಿಯಿಂದ ಆ ತುದಿಗೆ ನಡೆದು ಎಣಿಸಿದ. ಮೂವತ್ತೇಳು. ಆ ತುದಿಯಿಂದ ಈ ತುದಿಗೆ ಎಣಿಸಿದ. ಆಗಲೂ ಮೂವತ್ತೇಳು. "ಖೋಲಿ ನಿಂದು," ಅಂದ.

ಆಗ ಅವನ ತಮ್ಮ ಹೊರಗೆ ಬಂದ. "ಯಾರ ಖೋಲಿ ಯಾರಿಗಿ ಕೊಡ್ಲತ್ತೀರಿ?"

ಹಿತ್ತಲಿನಲ್ಲಿ ಅಣ್ಣ ತಮ್ಮಂದಿರು ಪಾಲಿನ ಗೆರೆ ಎಳೆದಿದ್ದರು. ಓಣಿ ಬಾಗಿಲ ಕಡೆ ಅಣ್ಣನದು. ಖೋಲಿ ಮತ್ತು ಬಾವಿಯ ಕಡೆ ತಮ್ಮನದು. ದಾರಿ ಎರಡನ್ನೂ ದಾಟಿ ಹೋಗಿತ್ತು. ಇಬ್ಬರೂ ಎಣಿಸಲು ನಿಂತರು. ಅಣ್ಣನ ಕಡೆ ಹದಿನೆಂಟು. ತಮ್ಮನ ಕಡೆ ಹದಿನೆಂಟು. ನಡುವಿನ ಹತ್ತೊಂಬತ್ತನೆಯದು ಸರಿಯಾಗಿ ಗೆರೆಯ ಮೇಲೆ.

"ಅದು ನಂದು. ಬಂಡಿ ತರಿಸಿದವ ನಾನು," ಅಂದ ಅಣ್ಣ.

"ಅದು ನಂದು. ನೆಲ ನಂದು ಜಾಸ್ತಿ ಅದ," ಅಂದ ತಮ್ಮ.

ಎರಡು ದಿನ ಇದೇ ನಡೆಯಿತು. ಅಣ್ಣನ ಮನೆಯವರನ್ನು ತಮ್ಮ ಬಾವಿಗೆ ಬಿಡಲಿಲ್ಲ. ತಮ್ಮನ ಮನೆಯವರನ್ನು ಅಣ್ಣ ಓಣಿಗೆ ಬಿಡಲಿಲ್ಲ. ಒಂದು ಸಲ ಇಬ್ಬರೂ ಎದುರುಬದುರು ಬಂದರು. ಕಲ್ಲಿನ ಮೇಲೆ ಒಬ್ಬರಿಗಷ್ಟೇ ಜಾಗ. ಕೆಳಗೆ ಎರಿ ಮಣ್ಣಿನ ಕೆಸರು. ಯಾರೂ ಇಳಿಯಲಿಲ್ಲ. ಮೂಗಿಗೆ ಮೂಗು ಕೊಟ್ಟು ಊಟದ ಹೊತ್ತಿನ ತನಕ ನಿಂತರು. ನನ್ನ ಖೋಲಿಗೆ ಬೀಗ ಬಿತ್ತು.

ಮೂರನೆಯ ದಿನ ಮುಂಜಾನೆ ಅವ್ವ ಒಂದು ಮಣೆ ಹಿಡಿದು ಬಂದಳು. ದಾರಿಯ ಮಗ್ಗುಲಿಗೆ ಹಾಕಿ ಕುಳಿತಳು. ಎರಡೂ ಕಾಲು ಹತ್ತೊಂಬತ್ತನೇ ಕಲ್ಲಿನ ಮೇಲೆ ಇಟ್ಟಳು. ಎಲೆ ಅಡಿಕೆ ಚೀಲ ಬಿಚ್ಚಿದಳು.

ಅಣ್ಣ ಬಾವಿಗೆ ಹೊರಟ. "ಅವ್ವಾ, ಕಾಲು ತಗಿ."

"ಎಲ್ಲಿಗಿ ಹೊಂಟಿ? ಯಾಕ ಹೊಂಟಿ? ಊಟ ಆಯ್ತಾ?"

ಎಲ್ಲ ಹೇಳಿದ ಮೇಲೆ ಕಾಲು ತೆಗೆದಳು. ತಮ್ಮ ಓಣಿಗೆ ಹೊರಟ. ಅವನಿಗೂ ಅದೇ ಕೇಳಿದಳು. ಮಧ್ಯಾಹ್ನದ ಹೊತ್ತಿಗೆ ಇಬ್ಬರು ಸೊಸೆಯಂದಿರೂ ಆಕೆಯ ಅಪ್ಪಣೆ ಬೇಡಿ ದಾಟಿದರು. ಸಂಜೆಗೆ ಅಣ್ಣ ತಮ್ಮ ಇಬ್ಬರೂ ಕೈ ಕಟ್ಟಿ ನಿಂತು, ಕಲ್ಲು ಯಾರದಾದರೂ ಆಗಲಿ, ನೀನು ಒಳಗೆ ಬಾ ಅಂದರು.

"ನಾ ಯಾಕ ಬರ್ಲಿ?" ಅಂದಳು ಅವ್ವ. "ನಲವತ್ತು ವರ್ಷ ಈ ಮನ್ಯಾಗ ನನ್ನ ಯಾರೂ ಒಂದು ಮಾತು ಕೇಳಿರಲಿಲ್ಲ. ಇವತ್ತು ಎಲ್ಲಾರೂ ಕೇಳ್ಯಾರ. ಆ ಗೌಂಡಿ ಪುಣ್ಯಾತ್ಮಗ ಖೋಲಿ ಬೀಗದಕೈ ಕೊಡ್ರಿ!"

೮. ಬಲಗಾಲು

ಕಮಲಾಪುರಕ್ಕೆ ಹೇಳಿ ಕಳಿಸಿದೆ. ಮಾವ ಮಾತಿನಂತೆ ಬಂಡಿ ಹೂಡಿಕೊಂಡು ಬಂದರು. ಬಂಡಿಯಲ್ಲಿ ಕೆಂಪು ಬಾಳೆಯ ಗೊನೆ, ರೊಟ್ಟಿಯ ಗಂಟು, ಒಂದು ಟ್ರಂಕು, ನನ್ನ ಹೆಂಡತಿ. ಹಿಂದಿನ ದಿನ ಮಳೆಯಾಗಿತ್ತು. ಹಿತ್ತಲೆಲ್ಲ ಕೆಸರು. ಕಲ್ಲಿನ ದಾರಿಯೊಂದೇ ಗತಿ.

ಓಣಿ ಬಾಗಿಲಲ್ಲಿ ಮಾವ ಕೈ ಎತ್ತಿದರು. "ನಮ್ಮ ಮನಿ ಹೆಣ್ಣುಮಗಳು ಬಲಗಾಲಿಟ್ಟು ಹೊಂಟು ಬಲಗಾಲಿಟ್ಟು ಒಳಗ ಹೋಗಬೇಕು. ಕಲ್ಲಿಗೊಂದ ಹೆಜ್ಜಿ. ನಡಿ ಯವ್ವಾ."

ಆಕೆ ಬಲಗಾಲಿಟ್ಟಳು. ಎಲ್ಲರೂ ಎಣಿಸಿದರು. ಬಲ, ಎಡ, ಬಲ, ಎಡ. ಮೂವತ್ತೇಳನೆಯ ಕಲ್ಲಿಗೆ ಬಲಗಾಲು ಬಂತು. ಮುಂದೆ ಹೊಸ್ತಿಲು. ಅದಕ್ಕೆ ಎಡಗಾಲು ಎದ್ದಿತು.

"ನಿಂದ್ರ!" ಮಾವ ಕೂಗಿದರು. ಆಕೆ ಒಂಟಿ ಕಾಲಲ್ಲಿ ನಿಂತಳು.

ವಾಪಸು ಕರೆಸಿದರು. ಇನ್ನೊಮ್ಮೆ ಬಲಗಾಲಿಟ್ಟು ಹೊರಟಳು. ಮೂವತ್ತೇಳು ಬದಲಾಗಿರಲಿಲ್ಲ. ಮತ್ತೆ ಹೊಸ್ತಿಲಿಗೆ ಎಡಗಾಲು. ಮತ್ತೆ ವಾಪಸು.

"ಎಡಗಾಲಿಂದ ಹೊರಡ್ಲಿ," ಅಂದ ಸಾವ್ಕಾರ. "ಆವಾಗ ಒಳಗ ಬಲಗಾಲು ಬರ್ತದ."

"ನನ್ನ ಮಗಳು ಎಡಗಾಲಿಟ್ಟು ಸಂಸಾರಕ್ಕ ಹೊರಡಬೇಕೇನ್ರೀ?"

"ಒಂದ ಕಲ್ಲಿನ ಮ್ಯಾಲ ಕುಂಟಲಿ," ಅಂದ ತಮ್ಮ.

"ಕುಂಟಿನ್ನ ಕೊಟ್ಟಾರ ಅಂತ ಊರು ಅನ್ನಬೇಕೇನು?"

ಮಾವನಿಗೆ ಸಿಟ್ಟೇರಿತು. "ಒಂದು ಕಲ್ಲು ಕಿತ್ತ ಹಾಕ್ರಿ!"

ದೀಪಾವಳಿಯಿಂದ ಮುನಿಸಿಕೊಂಡಿದ್ದ ಅಣ್ಣ ತಮ್ಮ ಒಂದೇ ಬಾಯಿಂದ ಕೇಳಿದರು, "ಯಾರ ಕಡೀಂದು?"

ಮಾವ ಬಂಡಿಯ ಕಡೆ ತಿರುಗಿದರು. ಎತ್ತು ಇನ್ನೂ ಬಿಚ್ಚಿರಲಿಲ್ಲ. "ಯವ್ವಾ, ಬಂಡಿ ಹತ್ತು. ಹೊಸ್ತಿಲು ದಾಟಾಕ ಬರಲಾರದ ಮನಿ ನಮಗ ಬ್ಯಾಡ."

ಒಂದು ವರ್ಷ ಕಾದದ್ದು, ಬೆರಳು ಜಜ್ಜಿಕೊಂಡದ್ದು, ಎಲ್ಲ ಒಂದು ಹೆಜ್ಜೆಗೆ ಹೋಗುತ್ತಿತ್ತು.

ಆಕೆ ಬಂಡಿ ಹತ್ತಲಿಲ್ಲ. ಸೆರಗು ಸರಿ ಮಾಡಿಕೊಂಡು ಮೂರನೆಯ ಸಲ ಬಲಗಾಲಿಟ್ಟು ಹೊರಟಳು. ಹದಿನೆಂಟನೆಯ ಕಲ್ಲಿಗೆ ಎಡಗಾಲು ಬಂತು. ಹತ್ತೊಂಬತ್ತರ ಮಗ್ಗುಲಿಗೆ ಅವ್ವ ಕುಳಿತಿದ್ದಳು. ಅವ್ವ ಕಾಲು ತೆಗೆದಳು. ಆಕೆ ಆ ಕಲ್ಲಿನ ಮೇಲೆ ಎರಡೂ ಕಾಲು ಜೋಡಿಸಿ ನಿಂತು, ಬಗ್ಗಿ, ಅವ್ವನ ಪಾದ ಮುಟ್ಟಿ ನಮಸ್ಕಾರ ಮಾಡಿದಳು. ಹಿರಿಯರಿಗೆ ನಮಸ್ಕಾರ ಮಾಡಿದವಳು ಮುಂದಿನ ಹೆಜ್ಜೆ ಬಲಗಾಲಿಂದಲೇ ಇಡಬೇಕು. ಇಟ್ಟಳು. ಅಲ್ಲಿಂದ ಹದಿನೆಂಟು ಕಲ್ಲು. ಬಲ, ಎಡ, ಬಲ, ಎಡ. ಕೊನೆಯ ಕಲ್ಲಿಗೆ ಎಡಗಾಲು. ಹೊಸ್ತಿಲಿಗೆ ಬಲಗಾಲು.

ಅವ್ವ ಚಪ್ಪಾಳೆ ತಟ್ಟಿದಳು. ಮಾವ ಮೀಸೆ ತಿರುವಿದರು. ಅಣ್ಣ ತನ್ನ ಹದಿನೆಂಟು ಕಲ್ಲು ಹೊಗಳಿದ, ತಮ್ಮ ತನ್ನ ಹದಿನೆಂಟು. ನಾನು ಆಕೆಯ ಟ್ರಂಕು ತಲೆಯ ಮೇಲೆ ಹೊತ್ತು ಬಲಗಾಲಿಟ್ಟು ಹಿಂದೆಯೇ ನಡೆದೆ. ಟ್ರಂಕು ಹೊತ್ತವನಿಗೆ ಬಗ್ಗಲು ಬರುವುದಿಲ್ಲ. ಅವ್ವನಿಗೆ ಬಾಯಲ್ಲೇ ಶರಣು ಅಂದು, ನಿಲ್ಲದೆ ದಾಟಿ ಒಳಗೆ ಹೋದೆ.

ಮಾವ ಎತ್ತಿಗೆ ನೀರು ಕುಡಿಸಿ ಹೊರಟರು. ಮಂದಿಯೂ ಹೋದರು. ಖೋಲಿಯಲ್ಲಿ ನಾವಿಬ್ಬರೇ. ಆಕೆ ರೊಟ್ಟಿಯ ಗಂಟು ಬಿಚ್ಚಿ ನನ್ನ ಮುಂದೆ ಇಟ್ಟಳು. ತಾನೂ ಕುಳಿತಳು. ಯಾರ ಅಡ್ಡಿಯೂ ಇಲ್ಲದೆ ಆಕೆ ನನ್ನ ಮುಖ ನೋಡಿ ಆಡಿದ ಮೊದಲ ಮಾತು ಇದು.

"ಎಡಗಾಲು."

"ಏನು?"

"ನೀವು ಎಡಗಾಲಿಟ್ಟು ಒಳಗ ಬಂದ್ರಿ. ನಾ ನೋಡೀನಿ."

ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. "ಅಷ್ಟು ಮಂದಿ ಹೊರಗಿದ್ರು. ಆವಾಗ ಯಾಕ ಹೇಳ್ಲಿಲ್ಲ?"

"ಹೇಳಿದ್ರ ನಿಮ್ಮನ್ನೂ ಹೊಳ್ಳಿ ಮೊದಲಿಂದ ನಡಸ್ತಿದ್ರು," ಅಂದು ಆಕೆ ದೊಡ್ಡ ತುತ್ತು ಮುರಿದಳು. "ನನಗ ಮುಂಜಾನಿಂದ ಹಸಿವಾಗಿತ್ರಿ."